ಮುಯ್ಯಿಗೆ ಬರೆದ ಐದು ಸ್ಟಾರು

ಕೊರಿಯರ್ ಕವರಿನಲ್ಲಿದ್ದದ್ದು ಎರಡೇ ವಸ್ತು: ಹಳೇ ಪೇಪರಿನ ಮುದುರಿದ ಹಾಳೆ, ಒಂದು ಪುಟ್ಟ ಅರಿಶಿನ ಕುಂಕುಮದ ಪೊಟ್ಟಣ. ನಾನು ಆರ್ಡರ್ ಮಾಡಿದ್ದು ಒಂದು ಲೀಟರ್ ಗಾಣದ ಕಡಲೆಕಾಯಿ ಎಣ್ಣೆ. ಮೋಸ ಹೋದೆ ಅಂದುಕೊಳ್ಳಬೇಡಿ, ಎಲ್ಲ ಮೊದಲೇ ಮಾತಾಗಿತ್ತು. ಕೊಟ್ಟ ದುಡ್ಡು ಯುಪಿಐನಲ್ಲಿ ವಾಪಸ್ಸೂ ಬಂದಿತ್ತು. ಮುತ್ತೈದೆ ಮನೆಗೆ ಬರೀ ಕವರ್ ಹೇಗೆ ಕಳಿಸೋದು ಅಂತ ಎಣ್ಣೆ ಮಾರುವಾಕೆ ಕುಂಕುಮ ಇಟ್ಟಿದ್ದರಂತೆ.

ನಾನು ತಿಪಟೂರಿನವಳು. ಮನೆಯಲ್ಲೇ ಕೊಬ್ಬರಿ ಚಟ್ನಿಪುಡಿ, ಹುಳಿಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಶುರು ಮಾಡಿದ ಮೂರು ತಿಂಗಳು ಒಂದು ಆರ್ಡರೂ ಬರಲಿಲ್ಲ. ರಿವ್ಯೂ ಇಲ್ಲದ ಪುಡಿಯನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳದ ಪುಡಿಗೆ ರಿವ್ಯೂ ಬರುವುದಿಲ್ಲ. ಆಗ ನನ್ನಂಥವರದೇ ಒಂದು ವಾಟ್ಸಾಪ್ ಗುಂಪು ಸಿಕ್ಕಿತು. ಒಬ್ಬರದನ್ನು ಇನ್ನೊಬ್ಬರು ಕೊಂಡ ಹಾಗೆ ಮಾಡಿದರೆ ರಿವ್ಯೂ ಪಕ್ಕ ‘ವೆರಿಫೈಡ್ ಪರ್ಚೇಸ್’ ಅಂತ ಬೀಳುತ್ತದೆ. ಯಾರು ಯಾರಿಗೆ ಬರೆದರು, ಯಾರದು ಬಾಕಿ ಎಂಬುದಕ್ಕೆ ಗುಂಪಿನ ಅಡ್ಮಿನ್ ಅಕ್ಕ ಒಂದು ಶೀಟ್ ಇಟ್ಟಿದ್ದರು. ಅದರ ಹೆಸರು ‘ಮುಯ್ಯಿ’.

ಆ ಹೆಸರೇ ನನ್ನ ಅಳುಕನ್ನು ಅರ್ಧ ಕಳೆದಿತ್ತು. ನಮ್ಮಜ್ಜಿಯ ಟ್ರಂಕಿನಲ್ಲಿ ಮದುವೆಮನೆಯ ಮುಯ್ಯಿ ಪುಸ್ತಕಗಳಿದ್ದವು: ಇಂಥವರು ಐದು ರೂಪಾಯಿ, ಇಂಥವರು ಒಂದು ಸೀರೆ. ನಾಟಿ ಕಾಲದಲ್ಲಿ ಮುಯ್ಯಾಳು ಬರುವವರ ಲೆಕ್ಕವಂತೂ ಬಾಯಲ್ಲೇ ಇರುತ್ತಿತ್ತು. ಇದೂ ಅದೇ ತಾನೇ ಅಂದುಕೊಂಡೆ. ಎಣ್ಣೆಗೆ ಐದು ಸ್ಟಾರ್ ಕೊಟ್ಟು ಬರೆದೆ: “ಆರು ತಿಂಗಳಿಂದ ನಮ್ಮನೆಯಲ್ಲಿ ಇದೇ ಎಣ್ಣೆ. ಘಮ ಅಂದ್ರೆ ಘಮ.”

ಒಂದು ಮಧ್ಯಾಹ್ನ ಹಾಸನದಿಂದ ಚಿಕ್ಕಮ್ಮನ ಫೋನು. “ಅಲ್ಲ ಕಣೇ, ನೀನು ಬರ್ದಿರೋದು ನೋಡಿ ಎರಡು ಲೀಟರ್ ತರಿಸ್ದೆ. ಒಗ್ಗರಣೆಗೆ ಹಾಕಿದ್ರೆ ಮನೆಯೆಲ್ಲ ಕಮಟು. ನೀನು ಹೆಂಗೆ ತಿಂತೀಯೆ ಅದನ್ನ?”

ನಮಗೆ ಬಂದ ಬಾಟಲಿ ಚೆನ್ನಾಗಿತ್ತು ಚಿಕ್ಕಮ್ಮ ಅಂದೆ. ಬಂದದ್ದು ಕುಂಕುಮ. ಬರೆದ ಸುಳ್ಳು ಅಷ್ಟು ಚುಚ್ಚಿರಲಿಲ್ಲ. ಫೋನಿನಲ್ಲಿ ಆಡಿದ ಸುಳ್ಳಿಗೆ ಕಿವಿ ಬಿಸಿಯಾಯಿತು. ಆಕೆ ಪಾಪ, “ಹಂಗಾದ್ರೆ ನಾನೇ ಬಿಸಿಲಲ್ಲಿ ಇಟ್ಟುಬಿಟ್ನೇನೋ” ಅಂದರು.

‘ಕಮಟು’ ಅಂದಾಗಲೇ ನನಗೆ ಇನ್ನೊಂದು ನೆನಪಾಗಿತ್ತು. ಆಗಸ್ಟ್‌ನಲ್ಲಿ ಯಾರೋ ನನ್ನ ಚಟ್ನಿಪುಡಿಗೆ ಎರಡು ಸ್ಟಾರ್ ಕೊಟ್ಟು, “ಪುಡಿ ಕಮಟು ವಾಸನೆ. ಮಗ ಒಂದು ತುತ್ತು ತಿಂದು ಬಿಟ್ಟ” ಅಂತ ಬರೆದಿದ್ದರು. ಹೊಟ್ಟೆಕಿಚ್ಚಿನವರು, ಬೇರೆ ಅಂಗಡಿಯವರೇ ಬರೆಸಿರಬೇಕು ಅಂತ ಗುಂಪಿನಲ್ಲಿ ಗೋಳಾಡಿದ್ದೆ. ಸಂಜೆಯೊಳಗೆ ಏಳು ಐದು ಸ್ಟಾರುಗಳು ಬಂದು ಬಿದ್ದವು. ಆ ಎರಡು ಸ್ಟಾರು ಎಲ್ಲೋ ಕೆಳಗೆ ಹೋಯಿತು.

ಅಟ್ಟದ ಮೇಲೆ ಆ ಸಲದ ಮೂರು ಪೊಟ್ಟಣ ಉಳಿದಿದ್ದವು. ಒಂದನ್ನು ಕತ್ತರಿಸಿ ಬೆರಳಲ್ಲಿ ನೆಕ್ಕಿದೆ. ಮೊದಲು ಬ್ಯಾಡಗಿಯ ಖಾರ, ಇಂಗು, ಹುಣಸೆಹಣ್ಣು. ಚೆನ್ನಾಗೇ ಇದೆಯಲ್ಲ ಅನ್ನುವಷ್ಟರಲ್ಲಿ ಗಂಟಲ ಹತ್ತಿರ ಸೋಪಿನಂಥ ಒಂದು ಒಗರು ಎದ್ದಿತು. ಜುಲೈ ಮಳೆಯಲ್ಲಿ ಕಡಿಮೆ ರೇಟಿಗೆ ಸಿಕ್ಕಿತೆಂದು ತಂದ ಕೊಬ್ಬರಿ ಅದು. ತೇವ ಪೂರ್ತಿ ಆರಿರಲಿಲ್ಲ. ಕೊಬ್ಬರಿಯ ಊರಿನವಳಾಗಿ ಇದು ಗೊತ್ತಾಗಲಿಲ್ಲ ಅನ್ನಲಾರೆ. ಹುರಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆ ತಾಯಿ ನಿಜ ಹೇಳಿದ್ದರು. ನಾವೆಲ್ಲ ಸೇರಿ ಅವರ ಬಾಯಿ ಮುಚ್ಚಿದ್ದೆವು.

ಮುಯ್ಯಾಳು ಬಂದವನು ನಿಜವಾಗಿಯೂ ಕೆಸರಿಗಿಳಿದು ಸೊಂಟ ಬಗ್ಗಿಸುತ್ತಿದ್ದ. ಮದುವೆ ಮುಯ್ಯಿಯಲ್ಲಿ ಕೊಟ್ಟವರೂ ತಗೊಂಡವರೂ ಅವರವರೇ. ದಾರಿಯಲ್ಲಿ ಹೋಗುವವರ ಜೇಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ನಮ್ಮ ಶೀಟಿನ ಮುಯ್ಯಿಗೆ ದುಡ್ಡು ತೆತ್ತವರು ಹಾಸನದ ಚಿಕ್ಕಮ್ಮ, ಆ ಹುಡುಗನ ತಾಯಿ. ಅವರ ಹೆಸರು ಶೀಟಿನಲ್ಲೇ ಇಲ್ಲ.

ಲಾ ಓದುವ ನಾದಿನಿಯ ಮಗನಿಗೆ ಹೇಳಿದರೆ ಅವನು ನಕ್ಕ. “ಅತ್ತೆ, ಮಾರೋರು ಗ್ರಾಹಕರ ವೇಷ ಹಾಕ್ಕೊಂಡು ರಿವ್ಯೂ ಬರೀಬಾರ್ದು ಅಂತ 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. 2022ರಲ್ಲಿ ಬಿಐಎಸ್‌ನೋರು ರಿವ್ಯೂಗೆ ಅಂತಲೇ ಐಎಸ್ 19000 ಅಂತ ಒಂದು ಮಾನದಂಡನೂ ತಂದ್ರು.” ಪ್ರೆಷರ್ ಕುಕ್ಕರ್ ಮೇಲೆ ನೋಡುವ ಐಎಸ್‌ಐ ಮುದ್ರೆಯವರು ರಿವ್ಯೂಗೂ ಮಾನದಂಡ ಬರೆದಿದ್ದಾರೆ ಅಂತ ಆಗಲೇ ನನಗೆ ತಿಳಿದದ್ದು.

ಎಣ್ಣೆಯ ರಿವ್ಯೂ ಅಳಿಸಿದೆ. ಎಣ್ಣೆಯಾಕೆಗೆ ಮೊದಲೇ ಫೋನ್ ಮಾಡಿ ಹೇಳಿದ್ದೆ, ಕಮಟಿನ ವಿಷಯವನ್ನೂ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಸಲದ್ದು ನನಗೂ ಅನುಮಾನ ಇತ್ತು” ಅಂದರು. ಅಡ್ಮಿನ್ ಅಕ್ಕ ಮಾತ್ರ ಸಿಟ್ಟಾದರು: “ದೊಡ್ಡ ಕಂಪನಿಗಳು ದುಡ್ಡು ಚೆಲ್ಲಿ ಹೆಸರು ಮಾಡ್ಕೋತವೆ. ನಮಗೆ ನಾವೇ ಆಗಬಾರ್ದಾ?” ಈ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮೊದಲ ಮೂರು ತಿಂಗಳ ಆ ಖಾಲಿ ಪರದೆ ನನಗೆ ಮರೆತಿಲ್ಲ.

ಚಿಕ್ಕಮ್ಮನಿಗೆ ನಿಜ ಹೇಳಲು ನಾಲ್ಕು ದಿನ ಬೇಕಾಯಿತು. ಬೈಯಲಿಲ್ಲ. ಎಣ್ಣೆಯನ್ನು ಬಾಗಿಲ ತಿರುಗಣಿಗೆ ಬಿಡುತ್ತಿದ್ದಾರಂತೆ.

ನನ್ನ 31 ರಿವ್ಯೂಗಳಲ್ಲಿ 19 ಗುಂಪಿನವು. ಅಳಿಸಿ ಅಂತ ಎಲ್ಲರಿಗೂ ಕೇಳಿಕೊಂಡೆ, 11 ಜನ ಅಳಿಸಿದರು. ಉಳಿದ ಎಂಟು ಹಾಗೇ ಇವೆ. ಪೊಟ್ಟಣ ಕಣ್ಣಲ್ಲೂ ನೋಡದವರೊಬ್ಬರು ಬರೆದದ್ದು ಅದರಲ್ಲಿ ಎಲ್ಲಕ್ಕಿಂತ ಮೇಲಿದೆ: “ಅಮ್ಮನ ಕೈರುಚಿ ನೆನಪಾಯಿತು.”