ಮಾತು ನಿಂತಾಗ ಸಿಕ್ಕ ಕರಡಿ

ಬೆಳಿಗ್ಗೆ ಹೊರಟಾಗ ನಮ್ಮ ಮೂವರ ಬಾಯಿಗೂ ಬಿಡುವಿರಲಿಲ್ಲ. ನಾನು, ಗೆಳೆಯ, ಅವನ ತಂಗಿ. ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಸಿಯರ್ ನ್ಯಾಷನಲ್ ಪಾರ್ಕ್. ಲೋಗನ್ ಪಾಸ್‌ನಿಂದ ಹೈಲೈನ್ ಟ್ರೇಲ್ ಹಿಡಿದು ಗ್ರಾನೈಟ್ ಪಾರ್ಕ್‌ನ ಕಲ್ಲಿನ ತಂಗುದಾಣಕ್ಕೆ ಹೋಗಿ, ಅಲ್ಲಿಂದ ಲೂಪ್ ಅನ್ನೋ ತಿರುವಿನ ರಸ್ತೆಗೆ ಇಳಿಯಬೇಕು. ಒಟ್ಟು 19 ಕಿಲೋಮೀಟರ್. ಆಗಸ್ಟ್ ತಿಂಗಳು. ಚಳಿಗಾಲದ ನಿದ್ದೆಗೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳೋಕೆ ಕರಡಿಗಳು ಹಣ್ಣಿನ ಪೊದೆಗಳ ಮೇಲೆ ಬೀಳುವ ಕಾಲ.

ಕರಡಿ ಸ್ಪ್ರೇ ತಂದಿದ್ದೆ. ಬ್ಯಾಗಿನ ಪಕ್ಕದ ಜೇಬಿನಲ್ಲಿ ನೀರಿನ ಬಾಟಲಿ ಇಡುವ ಹಾಗೆ ಸಿಕ್ಕಿಸಿದ್ದೆ. ದಾರಿ ಶುರುವಾಗುವಲ್ಲಿ ವಯಸ್ಸಾದ ಹೆಂಗಸೊಬ್ಬರು ಅದನ್ನು ನೋಡಿ, "ಈಗ ತೆಗೀರಿ, ನೋಡೋಣ" ಅಂದರು. ಕೈ ಹಿಂದಕ್ಕೆ ತಿರುಗಿಸಿದೆ, ಬೆರಳ ತುದಿಗೆ ಕ್ಯಾನ್ ತಗುಲಿತು, ಅಷ್ಟೇ. ಕೊನೆಗೆ ಬ್ಯಾಗನ್ನೇ ಇಳಿಸಬೇಕಾಯಿತು. "ಅಷ್ಟರಲ್ಲಿ ಅದು ನಿಮ್ಮ ಮೇಲಿರುತ್ತೆ" ಅಂದು ಅವರು ಹೊರಟೇಬಿಟ್ಟರು. ಕಿವಿ ಬಿಸಿಯಾಯಿತು. ಕ್ಯಾನನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡೆ.

ಸ್ಪ್ರೇ ಅಂದರೆ ಒತ್ತಿ ತುಂಬಿದ ಖಾರ, ಅಷ್ಟೇ. ಎಂಟೊಂಬತ್ತು ಮೀಟರ್ ದೂರ ಹೋಗುತ್ತದೆ, ಕೆಲವೇ ಸೆಕೆಂಡಿನಲ್ಲಿ ಖಾಲಿ. ಕರಡಿ ನುಗ್ಗಿ ಬಂದಾಗ ಅದರ ಮುಂದೆ, ಸ್ವಲ್ಪ ಕೆಳಗೆ ಗುರಿಯಿಟ್ಟು ಖಾರದ ಮೋಡ ಎಬ್ಬಿಸಬೇಕು. ಸೊಳ್ಳೆ ಔಷಧಿ ತರ ಮೈಗೋ ಟೆಂಟಿಗೋ ಹೊಡೆದುಕೊಳ್ಳುವ ಪುಣ್ಯಾತ್ಮರೂ ಇದ್ದಾರಂತೆ. ಆರಿದ ಮೇಲೆ ಆ ವಾಸನೆಗೇ ಕರಡಿ ಹುಡುಕಿಕೊಂಡು ಬರಬಹುದು.

ಆದರೆ ನಿಜವಾದ ಕಾವಲು ನಮ್ಮ ಗಂಟಲೇ. ಎದುರಾಬದುರಾಗಿ ಬೆಚ್ಚಿಬಿದ್ದಾಗಲೇ ಗ್ರಿಜ್ಲಿ ಅನ್ನೋ ದೊಡ್ಡ ಕಂದು ಕರಡಿ ಜಾಸ್ತಿ ಅಪಾಯ. ದೂರದಿಂದಲೇ ಮನುಷ್ಯರ ದನಿ ಕೇಳಿದರೆ ಸಾಮಾನ್ಯವಾಗಿ ತಾನೇ ಸರಿದುಹೋಗುತ್ತದೆ. ಬ್ಯಾಗಿಗೆ ಕಟ್ಟುವ ಸಣ್ಣ ಗಂಟೆಯ ಸದ್ದು ಸಾಲದು, ಜೋರಾಗಿ ಮಾತಾಡಬೇಕು, ಚಪ್ಪಾಳೆ ತಟ್ಟಬೇಕು. ಇದೆಲ್ಲ ನಮಗೆ ಗೊತ್ತಿತ್ತು. ಪ್ರತಿ ತಿರುವಿಗೂ ಕೂಗಿದೆವು, ಜಗಳವನ್ನೂ ಆಡಿದೆವು.

ತಂಗುದಾಣದ ಹತ್ತಿರ ಕೂತಾಗ ಗೆಳೆಯ 1967ರ ಕಥೆ ಹೇಳಿದ. ಆಗ ಇಲ್ಲಿ ಉಳಿದ ಊಟ, ಕಸವನ್ನೆಲ್ಲ ಹಿಂದೆ ಸುರಿಯುತ್ತಿದ್ದರು. ರಾತ್ರಿ ಗ್ರಿಜ್ಲಿಗಳು ತಿನ್ನಲು ಬರುವುದನ್ನು ಜನ ತಮಾಷೆಯಂತೆ ನೋಡುತ್ತಿದ್ದರು. ಆಗಸ್ಟ್ 13ರಂದು ಇದೇ ಪಾರ್ಕಿನ ಎರಡು ಬೇರೆ ಬೇರೆ ಜಾಗಗಳಲ್ಲಿ, ಎರಡು ಬೇರೆ ಗ್ರಿಜ್ಲಿಗಳು ಇಬ್ಬರು ಹುಡುಗಿಯರನ್ನು ಕೊಂದವು. ಇಬ್ಬರಿಗೂ 19 ವರ್ಷ. ಒಂದು ಸಾವು ನಾವು ಕೂತಿದ್ದ ಜಾಗದ ಹತ್ತಿರವೇ ಆಗಿದ್ದು. ತಿಂದ ಬಿಸ್ಕತ್ತಿನ ಪುಡಿಯನ್ನೂ ತಂಗಿ ಹೆಕ್ಕಿ ಹೆಕ್ಕಿ ಚೀಲಕ್ಕೆ ಹಾಕಿಕೊಂಡಳು.

ಇಳಿಜಾರಲ್ಲಿ ಎಡವಟ್ಟಾಯಿತು. 2003ರ ಬೆಂಕಿಯಲ್ಲಿ ಮರಗಳು ಸುಟ್ಟುಹೋದ ಜಾಗ ಅದು. ನೆರಳಿಲ್ಲ, ಮೊಣಕಾಲು ನೋವು, ನೀರು ತಳ ಕಂಡಿತ್ತು. ಯಾವಾಗ ಮಾತು ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ಮುಖಕ್ಕೆ ಗಾಳಿ ಬೀಸುತ್ತಿತ್ತು. ಅಂದರೆ ನಮ್ಮ ವಾಸನೆ ಹಿಂದಕ್ಕೆ ಹೋಗುತ್ತಿತ್ತು, ಮುಂದಿರುವವರಿಗೆ ನಮ್ಮ ಸುಳಿವೇ ಇಲ್ಲ.

ಮೊದಲು ಕಂಡಿದ್ದು ಅಲುಗಾಡುವ ಪೊದೆ. ಆಮೇಲೆ ಭುಜದ ಮೇಲಿನ ಗುಬ್ಬು. ಸುಮಾರು ಮೂವತ್ತು ಹೆಜ್ಜೆ ದೂರ. ಕೊಂಬೆಯನ್ನು ಬಾಯಿಗೆಳೆದುಕೊಂಡು, ತುಟಿಯಿಂದಲೇ ಹಣ್ಣು ಬಿಡಿಸಿ ತಿನ್ನುತ್ತಿತ್ತು. ಎಷ್ಟು ನಾಜೂಕು! ಬೆನ್ನಿನ ಕೂದಲಿನ ತುದಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಕಪ್ಪು ಕರಡೀನೋ ಗ್ರಿಜ್ಲೀನೋ?" ಅಂತ ಗೆಳೆಯ ಪಿಸುಗುಟ್ಟಿದ. ಸುಮ್ನೆ ಕೇಳಿದ್ದಲ್ಲ ಅದು. ಕಪ್ಪು ಕರಡಿ ಮೇಲೆ ಬಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಬಡಿದಾಡಬೇಕು. ಬೆಚ್ಚಿದ ಗ್ರಿಜ್ಲಿ ಮೈಮುಟ್ಟಿದರೆ ಬೋರಲು ಮಲಗಿ, ಕುತ್ತಿಗೆಯ ಹಿಂದೆ ಬೆರಳು ಹೆಣೆದು, ಸತ್ತಂತೆ ಬಿದ್ದಿರಬೇಕು. ಬಣ್ಣ ನೋಡಿ ಹೇಳೋ ಹಾಗಿಲ್ಲ, ಕಪ್ಪು ಕರಡಿ ಕಂದು ಬಣ್ಣದಲ್ಲೂ ಇರುತ್ತದೆ. ಆದರೆ ಈ ಗುಬ್ಬು ಗ್ರಿಜ್ಲಿಯದೇ.

ಅದು ತಲೆಯೆತ್ತಿತು. ಎದ್ದು ಎರಡು ಕಾಲಲ್ಲಿ ನಿಂತಿತು. ಏನಿದು ಅಂತ ನೋಡೋಕೆ, ಮೂಸೋಕೆ ಹಾಗೆ ನಿಲ್ಲುತ್ತದೆ ಅಂತ ಓದಿದ್ದೆ. ಓದಿದ್ದು ನನ್ನ ಕಾಲುಗಳಿಗೆ ತಲುಪಿರಲಿಲ್ಲ. ಅವು ಓಡಲು ತಯಾರಾಗಿದ್ದವು. ಗ್ರಿಜ್ಲಿ ಗಂಟೆಗೆ 50 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ಓಡುತ್ತದೆ, ನಾನು ಬಸ್ಸಿಗೆ ಓಡಿದರೂ ಏದುಸಿರು ಬಿಡುವವನು. ತಂಗಿಯೇ ನನ್ನ ಬ್ಯಾಗ್ ಹಿಡಿದು ನಿಲ್ಲಿಸಿದಳು.

ಕ್ಯಾನ್ ಕೈಗೆ ಬಂತು. ಹೆಬ್ಬೆರಳಿಗೆ ಸೇಫ್ಟಿ ಕ್ಲಿಪ್ ಸಿಕ್ಕಿತು. ಬೆವರಿಗೆ ಒಮ್ಮೆ ಜಾರಿತು, ಎರಡನೇ ಸಲ ಕಿತ್ತುಬಂತು. ಗಾಳಿ ನಮ್ಮ ಕಡೆಗೇ ಬೀಸುತ್ತಿದೆ ಅನ್ನೋದು ಆಗ ನೆನಪಾಯಿತು. ಹೊಡೆದರೆ ಅರ್ಧ ಖಾರ ನಮಗೇ! ಮೂವರೂ ಒತ್ತಾಗಿ ನಿಂತು, ಅದರ ಮೇಲಿನ ಕಣ್ಣು ತೆಗೆಯದೆ, ನಿಧಾನವಾಗಿ ಹಿಂದೆ ಸರಿದೆವು. ಗೆಳೆಯ ಮೆಲ್ಲಗೆ ಮಾತಾಡುತ್ತಲೇ ಇದ್ದ. "ತಿನ್ನಪ್ಪಾ, ನೀನು ತಿನ್ನು. ನಾವು ಹೋಗ್ತೀವಿ." ಕರಡಿ ಬುಸ್ಸೆಂದು ಉಸಿರು ಬಿಟ್ಟು ನಾಲ್ಕು ಕಾಲಿಗೆ ಇಳಿಯಿತು. ಪೊದೆ ಮುರಿಯುವ ಸದ್ದು ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಯಿತು.

ತುಂಬಾ ಹೊತ್ತು ಕಾದು, ಆಮೇಲೆ ಕೂಗುತ್ತಾ ಇಳಿದೆವು.

ವಾಪಸ್ ಹೊರಡುವ ದಿನ ಕ್ಯಾನನ್ನು ವಿಮಾನದಲ್ಲಿ ಒಯ್ಯುವಂತಿರಲಿಲ್ಲ. ಆಗ ತಾನೇ ಬಂದಿದ್ದ ಇಬ್ಬರು ಹುಡುಗರಿಗೆ ಕೊಟ್ಟೆ. ಒಬ್ಬ ಥ್ಯಾಂಕ್ಸ್ ಹೇಳಿ, ಅದನ್ನು ಬ್ಯಾಗಿನ ಪಕ್ಕದ ಜೇಬಿಗೆ ಸಿಕ್ಕಿಸಿಕೊಂಡ.

"ಈಗ ತೆಗೀರಿ, ನೋಡೋಣ" ಅಂದೆ.