ಮಿಲ್ ಲ್ಯಾಕ್ಸ್‌ನಲ್ಲಿ ಬಾಸ್ ಹಿಡಿಯಲು ಮೊದಲು ಜಿಗ್‌ನ ತೂಕ ನೋಡಿ

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ಹೋದರೆ ಮಿಲ್ ಲ್ಯಾಕ್ಸ್ ಸಿಗುತ್ತದೆ. ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬವೇ ಏರಿಯಾಗಿ ನಿಂತ ಕೆರೆ ಇದು. ವಿಸ್ತಾರ 500 ಚದರ ಕಿಲೋಮೀಟರಿಗೂ ಹೆಚ್ಚು, ಆಳ ಮಾತ್ರ ಹೆಚ್ಚೆಂದರೆ 42 ಅಡಿ. ತಳದಲ್ಲಿ ಅಲ್ಲಲ್ಲಿ ಉರುಟು ಕಲ್ಲಿನ ದಿಬ್ಬಗಳು, ಅವುಗಳ ಸಂದಿಯಲ್ಲಿ ಕ್ರೇಫಿಶ್ ಎಂಬ ಸೀಗಡಿಯಂಥ ಸಿಹಿನೀರಿನ ಜೀವಿ, ಅದನ್ನು ಹುಡುಕಿ ಬರುವ ಸ್ಮಾಲ್‌ಮೌತ್ ಬಾಸ್ ಎಂಬ ಮೀನು.

ಕೊಕ್ಕೆಯ ತಲೆಗೆ ಸೀಸದ ಅಥವಾ ಟಂಗ್‌ಸ್ಟನ್‌ನ ಗುಂಡು ಕೂಡಿಸಿ, ಮೆದು ಪ್ಲಾಸ್ಟಿಕ್‌ನ ಮೈಯನ್ನೋ ಹಕ್ಕಿಯ ಪುಕ್ಕವನ್ನೋ ತೊಡಿಸಿದರೆ ಅದು ಜಿಗ್. ಊರಿನಲ್ಲಿ ಎರೆಹುಳ ಚುಚ್ಚಿ ಬೆಂಡು ಮುಳುಗುವುದನ್ನು ಕಾಯುತ್ತೇವೆ. ಹುಳವೇ ಮೀನನ್ನು ಕರೆದು ತರುತ್ತದೆ. ಜಿಗ್‌ನಲ್ಲಿ ಆ ಕೆಲಸ ಮಾಡುವುದು ಅದು ಬೀಳುವ ರೀತಿ. ಎಷ್ಟೋ ಸಲ ಜಿಗ್ ಇನ್ನೂ ತಳ ಮುಟ್ಟುವ ಮೊದಲೇ ಬಾಸ್ ಬಾಯಿ ಹಾಕಿರುತ್ತದೆ. ತಣ್ಣೀರಿನಲ್ಲಿ ಮೀನಿನ ಮೈ ಚುರುಕಿಲ್ಲ, ಧುಮುಕಿ ಬೀಳುವ ಜಿಗ್ಗನ್ನು ಅದು ಅಟ್ಟಿಸಿಕೊಂಡು ಹೋಗುವುದಿಲ್ಲ. ಹೊಸಬರು ಅಂಗಡಿಯಲ್ಲಿ ಬಣ್ಣ ಆರಿಸುತ್ತಾ ನಿಲ್ಲುತ್ತಾರೆ. ಹಸಿರುಗಂದು ಬಣ್ಣವೊಂದೇ ಸಾಕು. ತೂಕ ಮಾತ್ರ ನಾಲ್ಕು ಬಗೆಯದು ಕೊಳ್ಳಿ.

ರಾಡು 7 ಅಡಿಯದು, ಮಧ್ಯಮ ಬಿಗಿಯದು, ತುದಿ ಚುರುಕಾಗಿರಬೇಕು. 2500 ಅಳತೆಯ ಸ್ಪಿನ್ನಿಂಗ್ ರೀಲು, ಅದರ ಮೇಲೆ 10 ಪೌಂಡ್ ಭಾರ ತಾಳುವ ಹೆಣೆದ ದಾರ, ಮುಂದಿನ ಎಂಟು ಹತ್ತು ಅಡಿ 8 ಪೌಂಡಿನ ಫ್ಲೋರೋಕಾರ್ಬನ್ ದಾರ. ನೀರು ತಿಳಿಯಾಗಿರುವುದರಿಂದ ಈ ಕಣ್ಣಿಗೆ ಕಾಣದ ತುಂಡನ್ನು ಬಿಡುವಂತಿಲ್ಲ. ಗಂಟು ಬಿಗಿಯುವ ಮೊದಲು ಉಗುಳು ಹಚ್ಚಿ ಒದ್ದೆ ಮಾಡಿ. ಒಣ ಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ.

ಸಾಮಾನ್ಯವಾಗಿ ಏಪ್ರಿಲ್ ಕೊನೆಯ ಹೊತ್ತಿಗೆ ಐಸ್ ಕರಗುತ್ತದೆ. ನೀರು 7ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವಾಗ ಪುಕ್ಕದ ಜಿಗ್ಗಿಗೆ ಸಮನಾದದ್ದಿಲ್ಲ. 1/16 ಔನ್ಸ್, ಅಂದರೆ ಎರಡು ಗ್ರಾಮಿಗೂ ಕಡಿಮೆ. ಇದನ್ನು ಕುಣಿಸಬಾರದು. ಎಸೆದು, ಕಲ್ಲಿನ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ತೇಲಿ ಬರುವಷ್ಟು ನಿಧಾನವಾಗಿ ರೀಲು ಸುತ್ತಿದರೆ ಪುಕ್ಕ ತಾನೇ ಉಸಿರಾಡುತ್ತದೆ. ಗಾಳಿಗೆ ದಾರ ಬಿಲ್ಲಿನಂತೆ ಬಾಗಿದರೆ ಜಿಗ್ ಮೇಲೆದ್ದು ಬರುತ್ತದೆ. ಆಗ ರಾಡಿನ ತುದಿಯನ್ನು ನೀರಿಗೆ ತಾಗುವಷ್ಟು ಇಳಿಸಿ. ಅದಕ್ಕೂ ಬಗ್ಗದಿದ್ದರೆ 1/8 ಔನ್ಸ್ ಹಾಕಿ.

ನೀರು 15 ಡಿಗ್ರಿ ದಾಟಿದರೆ ಮೊಟ್ಟೆ ಇಡುವ ಕಾಲ. ಗಂಡು ಮೀನು ಜಲ್ಲಿಕಲ್ಲಿನ ಮೇಲೆ ಗುಂಡಗೆ ಗೂಡು ಗುಡಿಸಿ ಕಾವಲು ನಿಲ್ಲುತ್ತದೆ. ಅದನ್ನು ಎಳೆದುಕೊಂಡ ಕೆಲವೇ ನಿಮಿಷಗಳಲ್ಲಿ ಬೇರೆ ಮೀನುಗಳು ನುಗ್ಗಿ ಮೊಟ್ಟೆ ತಿಂದು ಮುಗಿಸಬಲ್ಲವು. ಬಿಳಿ ತಟ್ಟೆಯಂತಹ ಗೂಡು ಕಂಡರೆ ದೋಣಿ ಮುಂದೆ ಹೋಗಲಿ. ಕಾನೂನು ಬಿಟ್ಟರೂ ಆ ಮೀನನ್ನು ನಾವು ಕೆಣಕಬಾರದು.

ಜೂನ್ ಕೊನೆಯಿಂದ ಬಾಸ್ 12ರಿಂದ 25 ಅಡಿ ಆಳದ ಕಲ್ಲುದಿಬ್ಬಗಳಿಗೆ ಇಳಿಯುತ್ತದೆ. ಈಗ ಟ್ಯೂಬ್ ಜಿಗ್‌ನ ಕಾಲ: ಮೂರೂವರೆ ಇಂಚಿನ ಟೊಳ್ಳು ಪ್ಲಾಸ್ಟಿಕ್ ಕೊಳವೆ, ಒಳಗೆ 1/4 ಔನ್ಸ್, ಅಂದರೆ 7 ಗ್ರಾಂ ತಲೆ. ತಲೆಯನ್ನು ಕೊಳವೆಯೊಳಗೆ ತಳ್ಳಿ, ಮೂತಿಗಿಂತ ಸ್ವಲ್ಪ ಹಿಂದೆ ನಿಲ್ಲಿಸಿ, ದಾರ ಕಟ್ಟುವ ಕಣ್ಣಷ್ಟೇ ಹೊರಗೆ ಚುಚ್ಚಿ ತೆಗೆಯಬೇಕು. ಮೂತಿಯವರೆಗೂ ತಳ್ಳಿದರೆ ಟ್ಯೂಬ್ ಅಷ್ಟಾಗಿ ಸುತ್ತುತ್ತಾ ಇಳಿಯುವುದಿಲ್ಲ, ನೆಟ್ಟಗೆ ಬೀಳುತ್ತದೆ. ಆ ಸುತ್ತಿಗೇ ಬಾಸ್ ಮರುಳಾಗುವುದು. ಇಳಿಯುವಾಗ ದಾರ ಪೂರ್ತಿ ಬಿಗಿಯಾಗಿರಬಾರದು, ಪೂರ್ತಿ ಸಡಿಲವೂ ಬೇಡ. ದಾರ ಪಕ್ಕಕ್ಕೆ ಜರುಗಿತೋ, ತಳ ಮುಟ್ಟಬೇಕಾದ ಹೊತ್ತಿಗೆ ಮೊದಲೇ ನಿಂತಿತೋ, ಮೀನು ಬಾಯಿ ಹಾಕಿದೆ. ಆಮೇಲೆ ಕೈಗೆ ಏನಾದರೂ ತಿಳಿಯಲಿ ಎಂದು ಕಾಯಬೇಡಿ, ಅಷ್ಟರಲ್ಲಿ ಉಗುಳಿರುತ್ತದೆ.

ಈ ಕಲ್ಲುಗಳಲ್ಲಿ ಜಿಗ್ ಸಿಕ್ಕಿಕೊಳ್ಳುವುದು ದಿನದ ಪಾಡು. ರಾಡು ಎತ್ತಿ ಜಗ್ಗಿದಷ್ಟೂ ಅದು ಸಂದಿಯೊಳಗೆ ಹೂತುಕೊಳ್ಳುತ್ತದೆ. ದೋಣಿಯನ್ನು ಜಿಗ್ ದಾಟಿಸಿ ಆಚೆ ಬದಿಗೆ ಒಯ್ದು, ದಾರ ಸಡಿಲ ಬಿಟ್ಟು, ರಾಡಿನ ತುದಿಯನ್ನು ಚಿಮ್ಮಿಸಿದರೆ ಬಂದ ದಾರಿಯಲ್ಲೇ ಬಿಡಿಸಿಕೊಂಡು ಬರುತ್ತದೆ. ಪದೇ ಪದೇ ಸಿಕ್ಕುತ್ತಿದ್ದರೆ ಆ ಆಳಕ್ಕೆ ನಿಮ್ಮ ಜಿಗ್ ಭಾರ ಹೆಚ್ಚು. ಇನ್ನೊಂದು ಕಾಟ ಜೀಬ್ರಾ ಮಸ್ಸೆಲ್. ಉಗುರಿನಷ್ಟು ದೊಡ್ಡ ಈ ಚಿಪ್ಪುಜೀವಿ ಇಲ್ಲಿ ಮೊದಲು ಕಂಡದ್ದು 2005ರಲ್ಲಿ. ಇಂದು ತಳದ ಕಲ್ಲುಗಳಿಗೆಲ್ಲ ಮೆತ್ತಿಕೊಂಡಿದೆ, ಅದರ ಅಂಚು ದಾರವನ್ನು ಸೀಳುತ್ತದೆ. ಹತ್ತು ಎಸೆತಕ್ಕೊಮ್ಮೆ ಕೊನೆಯ ಎರಡು ಅಡಿ ದಾರವನ್ನು ತುಟಿಗೆ ಸವರಿ ನೋಡಿ. ತರಿತರಿ ಎನಿಸಿದರೆ ಕತ್ತರಿಸಿ ಮತ್ತೆ ಕಟ್ಟಿ. ಸೋಮಾರಿತನಕ್ಕೆ ಅತಿ ದೊಡ್ಡ ಮೀನು ತಪ್ಪುವುದು ಇಲ್ಲೇ.

ಸೀಸದ ಬದಲು ಟಂಗ್‌ಸ್ಟನ್ ಕೊಳ್ಳಿ ಎಂದು ಒತ್ತಿ ಹೇಳಬೇಕು. ಬೆಲೆ ಜಾಸ್ತಿ, ನಿಜ. ಅಷ್ಟೇ ತೂಕಕ್ಕೆ ಗಾತ್ರ ಕಡಿಮೆ, ಕಲ್ಲು ತಾಗಿದ್ದು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಲೂನ್ ಎಂಬ ನೀರುಹಕ್ಕಿ, ಮಿನೆಸೋಟಾದ ರಾಜ್ಯಪಕ್ಷಿ. ತಳದಲ್ಲಿ ಕಳೆದುಹೋದ ಸೀಸದ ಜಿಗ್ ಒಂದನ್ನು ನುಂಗಿದರೂ ವಿಷವೇರಿ ಸಾಯಬಹುದು.

ಸೆಪ್ಟೆಂಬರ್ ಮಧ್ಯದಿಂದ ಚಳಿಗಾಲ ಮುಗಿಯುವವರೆಗೆ ಇಲ್ಲಿ ಸ್ಮಾಲ್‌ಮೌತ್ ಸಿಕ್ಕರೆ ಬಿಟ್ಟುಬಿಡಲೇಬೇಕು. ಚಳಿಗೆ ಮುನ್ನ ಅವು ಕೆಲವೇ ದಿಬ್ಬಗಳಲ್ಲಿ ಗುಂಪುಗೂಡುತ್ತವೆ; ಒಂದು ದಿಬ್ಬ ಗೊತ್ತಾದವನು ಗುಂಪನ್ನೇ ಖಾಲಿ ಮಾಡಬಲ್ಲ. 20 ಇಂಚಿನ ಬಾಸ್ ಬೆಳೆಯಲು ಹತ್ತು ವರ್ಷದಷ್ಟು ಬೇಕು. ಕಾವೇರಿಯಲ್ಲಿ ರಾಗಿಮುದ್ದೆ ಕಟ್ಟಿ ಮಹಶೀರ್ ಹಿಡಿದು ಬಿಡುತ್ತಿದ್ದವರನ್ನು ಬಲ್ಲವರಿಗೆ ಈ ಕ್ರಮ ಹೊಸದೇನಲ್ಲ. ಈಗ ಆಳ 20ರಿಂದ 30 ಅಡಿ, ಗಾಳಿಯೂ ಜೋರು. ನೀರು ತಣ್ಣಗಿದ್ದರೂ 3/8 ಅಥವಾ 1/2 ಔನ್ಸ್ ಬೇಕಾಗುತ್ತದೆ, ಇಲ್ಲವಾದರೆ ತಳ ಮುಟ್ಟಿದ್ದೇ ತಿಳಿಯುವುದಿಲ್ಲ. ಆ ಭಾರ ಬೇಗ ಬೀಳುವ ಕೊರತೆಯನ್ನು ತಳದಲ್ಲಿ ತುಂಬಿಕೊಳ್ಳಿ: ಎತ್ತಬೇಡಿ, ಅಂಗುಲ ಅಂಗುಲವಾಗಿ ಎಳೆಯಿರಿ, ನಡುವೆ ಹತ್ತು ಸೆಕೆಂಡು ನಿಲ್ಲಿಸಿ. ಆಳದಿಂದ ಬಂದ ಮೀನಿನ ಹೊಟ್ಟೆಯ ಗಾಳಿಚೀಲ ಉಬ್ಬಿರುತ್ತದೆ. ಫೋಟೋಗೆಂದು ಹಿಡಿದು ನಿಲ್ಲದೆ ಕೂಡಲೇ ನೀರಿಗೆ ಬಿಡಿ. 30 ಅಡಿಗಿಂತ ಕೆಳಗೆ ಗುಂಪು ಕಂಡರೆ ಅಲ್ಲಿ ಗಾಳ ಹಾಕದಿರುವುದೇ ಸರಿ.

16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಆಳ ಕಡಿಮೆ, ಅಗಲ ಬಹಳ ಇರುವ ಈ ಕೆರೆಯಲ್ಲಿ ಗಾಳಿ ಎದ್ದರೆ ಸ್ವಲ್ಪ ಹೊತ್ತಿಗೇ ಅಲೆ ದೋಣಿಯ ಅಂಚು ಮುಟ್ಟುತ್ತದೆ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಸೀಟಿನ ಕೆಳಗಲ್ಲ. ದೋಣಿ ಮೇಲೆತ್ತಿದ ಮೇಲೆ ಅಂಟಿದ ಜೊಂಡು ಕಿತ್ತು, ಅಡಿಯ ಬಿರಡೆ ತೆಗೆದು ನೀರೆಲ್ಲ ಸುರಿಸಿ. ಬಿರಡೆ ತೆಗೆದೇ ರಸ್ತೆಗೆ ಇಳಿಯಬೇಕು ಎಂಬುದು ಇಲ್ಲಿನ ಕಾನೂನು, ಏಕೆಂದರೆ ಉಳಿದ ಒಂದು ತಂಬಿಗೆ ನೀರಿನಲ್ಲೇ ಕಣ್ಣಿಗೆ ಕಾಣದ ಮಸ್ಸೆಲ್ ಮರಿಗಳು ಮುಂದಿನ ಕೆರೆಗೆ ಹೋಗುತ್ತವೆ.