ಅಕ್ಕಪಕ್ಕ ನಿಂತ ಎರಡು ಪಟ್ಟಿಗಳು

17 ನವೆಂಬರ್ 2024, ಭಾನುವಾರ

ಹಳೆಯ ಡಿಸ್ಕಿನ ಫೋಟೊಗಳನ್ನು ಹೊಸದಕ್ಕೆ ನಕಲಿಸಿ ವಾರವಾಯಿತು. ಎಲ್ಲವೂ ಬಂದಿವೆಯೇ ಎಂದು ನೋಡದೆ ಹಳೆಯದನ್ನು ಅಳಿಸಲು ಮನಸ್ಸು ಒಪ್ಪಲಿಲ್ಲ. ಕಮಾಂಡ್ ಟೈಪ್ ಮಾಡುವ ಎರಡು ಟರ್ಮಿನಲ್ ಕಿಟಕಿ ತೆರೆದು ಹೆಸರುಗಳನ್ನು ಹೋಲಿಸಹೊರಟೆ. ಇಪ್ಪತ್ತು ಸಾಲು ದಾಟುವಷ್ಟರಲ್ಲಿ ಕಣ್ಣು ಜಾರಿತು. ಎರಡೂ ಪಟ್ಟಿಗಳು ಒಂದೇ ಪರದೆಯಲ್ಲಿ ಅಕ್ಕಪಕ್ಕ ಬರುವಂತೆ, ಕಮಾಂಡ್‌ಗಳನ್ನು ಒಟ್ಟುಗೂಡಿಸಿದ ಶೆಲ್ ಸ್ಕ್ರಿಪ್ಟ್ ಬರೆಯಲು ಕುಳಿತೆ.

ಎಲ್‌ಎಸ್ ಕಮಾಂಡ್ ಟರ್ಮಿನಲ್‌ನಲ್ಲಿ ಫೋಲ್ಡರಿನ ಕಡತಗಳ ಹೆಸರುಗಳನ್ನು ಹಲವು ಕಾಲಂಗಳಲ್ಲಿ ತೋರಿಸಿದರೂ, ಇನ್ನೊಂದು ಕಮಾಂಡ್‌ಗೆ ದಾಟಿಸುವ ಪೈಪ್‌ಗೆ ಸಾಲಿಗೊಂದರಂತೆ ಕೊಡುತ್ತದೆ. ಅದನ್ನೇ ನಂಬಿ ಎರಡು ಪಟ್ಟಿಗಳನ್ನು, ಸಾಲಿಗೆ ಸಾಲು ಅಂಟಿಸುವ ಪೇಸ್ಟ್ ಕಮಾಂಡ್‌ಗೆ ಉಣಿಸಿದೆ. ಬ್ಯಾಶ್ ಎಂಬ ಶೆಲ್‌ನಲ್ಲಿ, ಒಂದು ಕಮಾಂಡಿನ ಫಲಿತಾಂಶವನ್ನು ಇನ್ನೊಂದಕ್ಕೆ ಕಡತದಂತೆ ಕೊಡುವ ಪ್ರೊಸೆಸ್ ಸಬ್‌ಸ್ಟಿಟ್ಯೂಷನ್ ಇರುವುದರಿಂದ ತಾತ್ಕಾಲಿಕ ಕಡತಗಳೇ ಬೇಕಾಗಲಿಲ್ಲ. ಆದರೆ ಪೇಸ್ಟ್ ನಡುವೆ ಇಡುವುದು ಒಂದೇ ಒಂದು ಟ್ಯಾಬ್. ಟ್ಯಾಬ್ ನಿಲ್ಲುವುದು 8 ಅಕ್ಷರಗಳಿಗೊಮ್ಮೆ. ಹೆಸರುಗಳ ಉದ್ದ ಬೇರೆ ಬೇರೆ ಇದ್ದಲ್ಲೆಲ್ಲ ಬಲಗಡೆಯ ಪಟ್ಟಿ ಸೊಟ್ಟಗಾಯಿತು.

ನಂತರ ಪಿಆರ್. ಮುದ್ರಣಕ್ಕೆ ಪುಟ ಸಿದ್ಧಪಡಿಸುವ ಹಳೆಯ ಕಮಾಂಡ್ ಇದು. ಇದರ ಎಂ ಆಯ್ಕೆ ಪಟ್ಟಿಗಳನ್ನು ಅಕ್ಕಪಕ್ಕ ಇಡುತ್ತದೆ, ಟಿ ಆಯ್ಕೆ ಪುಟದ ತಲೆಬರಹವನ್ನು ತೆಗೆಯುತ್ತದೆ. ಕಾಲಂಗಳೇನೋ ನೆಟ್ಟಗೆ ನಿಂತವು. ಆದರೆ ನಾನು ಅಗಲ ಹೇಳದಿದ್ದರಿಂದ ಅದು 72 ಅಕ್ಷರಗಳನ್ನೇ ಹಿಡಿದು, ಉದ್ದದ ಹೆಸರುಗಳ ಬಾಲ ಕತ್ತರಿಸಿತು. ನನ್ನ ಫೋಟೊಗಳ ಹೆಸರುಗಳಲ್ಲಿ ವ್ಯತ್ಯಾಸವಿರುವುದೇ ಬಾಲದಲ್ಲಿ! ಟಿಪುಟ್ ಎಂಬ ಕಮಾಂಡ್ ಕೊಟ್ಟ ಪರದೆಯ ಅಗಲವನ್ನು ಪಿಆರ್‌ನ ಡಬ್ಲ್ಯೂ ಆಯ್ಕೆಗೆ ಒದಗಿಸಿದ ಮೇಲೆ ಹೆಸರುಗಳು ಪೂರ್ತಿ ಕಂಡವು.

ನನ್ನ ಲೆಕ್ಕಾಚಾರ ತಪ್ಪಿದ್ದು ಎಲ್ಲಿ ಎಂದು ಆಗಲೇ ಹೊಳೆದದ್ದು. ಬಲಗಡೆಯ ಹೊಸ ಡಿಸ್ಕಿನ ಪಟ್ಟಿಯಲ್ಲಿ ಒಂದು ಫೋಟೊ ಇಲ್ಲದಿದ್ದರೆ ಅದರ ಕೆಳಗಿನ ಹೆಸರುಗಳೆಲ್ಲ ಒಂದೊಂದು ಸಾಲು ಮೇಲೇರುತ್ತವೆ. ಪಟ್ಟಿಗಳು ಜೊತೆಯಲ್ಲಿದ್ದರೂ ಜೋಡಿಗಳು ಒಡೆದಿರುತ್ತವೆ. ನನಗೆ ಬೇಕಿದ್ದದ್ದು ಒಂದೇ ಹೆಸರು ಒಂದೇ ಸಾಲಿನಲ್ಲಿ ಎದುರುಬದುರಾಗುವುದು, ಇಲ್ಲದ ಕಡೆ ಖಾಲಿ ಜಾಗ ಉಳಿಯುವುದು. ಅದು ವ್ಯತ್ಯಾಸ ಹುಡುಕುವ ಡಿಫ್ ಕಮಾಂಡ್ ಮಾಡುವ ಕೆಲಸ. ವೈ ಆಯ್ಕೆ ಕೊಟ್ಟರೆ ಅದು ಎಡಬಲ ಎರಡು ಕಾಲಂಗಳಲ್ಲಿ ತೋರಿಸುತ್ತದೆ. ಎಡಗಡೆ ಮಾತ್ರ ಇರುವ ಹೆಸರಿನ ಪಕ್ಕ ಎಡಕ್ಕೆ ತಿರುಗಿದ ಬಾಣದ ಗುರುತು, ಬಲಗಡೆ ಮಾತ್ರ ಇದ್ದರೆ ಬಲಕ್ಕೆ ತಿರುಗಿದ್ದು. ಎರಡೂ ಕಡೆ ಇರುವ ಸಾಲುಗಳನ್ನು ಮರೆಮಾಡುವ ಆಯ್ಕೆಯನ್ನೂ ಸೇರಿಸಿದೆ. ಪರದೆಯಲ್ಲಿ ಉಳಿದದ್ದು ಮೂರೇ ಸಾಲು, ಮೂರೂ ಎಡಗಡೆಯವು. ಆ ಮೂರು ಫೋಟೊಗಳನ್ನು ಅಲ್ಲೇ ನಕಲಿಸಿದೆ.

ಹೆಸರು ಹೊಂದಿದ ಮಾತ್ರಕ್ಕೆ ಒಳಗಿನದೂ ಹೊಂದುತ್ತದೆ ಎಂದು ಹೇಳಲಾಗದು. ಅರ್ಧಕ್ಕೆ ನಿಂತ ನಕಲಿಗೂ ಹೆಸರು ಪೂರ್ತಿಯೇ ಇರುತ್ತದೆ. ಹಾಗಾಗಿ ಈಗ ಅದೇ ಡಿಫ್‌ಗೆ ಒಳಫೋಲ್ಡರುಗಳಿಗೂ ಇಳಿಯುವ ಆರ್ ಮತ್ತು ಬೇರೆಯಾದ ಕಡತಗಳ ಹೆಸರಷ್ಟೇ ಹೇಳುವ ಕ್ಯೂ ಆಯ್ಕೆಗಳನ್ನು ಕೊಟ್ಟು ಎರಡೂ ಡಿಸ್ಕುಗಳ ಕಡತಗಳನ್ನೇ ಹೋಲಿಸಲು ಬಿಟ್ಟಿದ್ದೇನೆ. ರಾತ್ರಿಯಿಡೀ ಓಡಬಹುದು. ಅದು ಮುಗಿಯುವವರೆಗೆ ಹಳೆಯ ಡಿಸ್ಕನ್ನು ಮುಟ್ಟುವುದಿಲ್ಲ.